ಅಳಿಸಿದ ಗೀರು

ಎರಡನೇ ಚರಣ ಶುರುವಾಗುತ್ತಿದ್ದಂತೆ ಡಿಜೆಯ ತೋರುಬೆರಳು ತಾನಾಗಿ ರೆಕಾರ್ಡಿನ ಅಂಚಿಗೆ ಹೋಯಿತು. ಇಲ್ಲೊಂದು ಗೀರಿದೆ, ಮುಳ್ಳು ಸಿಕ್ಕಿಕೊಳ್ಳುತ್ತದೆ. ಸಿಕ್ಕುವ ಮೊದಲೇ ಒಂದು ಚೂರು ಮುಂದಕ್ಕೆ ನೂಕಬೇಕು. ಕೈಗೆ ಅಂಟಿದ ಹಳೇ ಚಾಳಿ. ನೂಕಿದ. ನುಣ್ಣಗೆ ಸಾಗುತ್ತಿದ್ದ ಹಾಡು ಮುಗ್ಗರಿಸಿತು. ಕುಣಿಯುತ್ತಿದ್ದವರ ಹೆಜ್ಜೆ ತಪ್ಪಿ, ಯಾರೋ ಹೋ ಎಂದು ನಕ್ಕರು.

“ಅಪ್ಪಾ, ಏನ್ ಮಾಡ್ತಿದ್ದೀಯ?” ಪಕ್ಕದಲ್ಲಿ ಲ್ಯಾಪ್‌ಟಾಪ್ ನೋಡಿಕೊಳ್ಳುತ್ತಿದ್ದ ಮಗಳು ಗಾಬರಿಯಾದಳು. “ಇದು ಹೆಸರಿಗಷ್ಟೇ ರೆಕಾರ್ಡು. ಹಾಡು ಬರೋದು ಕಂಪ್ಯೂಟರಿಂದ, ಇದನ್ನ ನೂಕಿದ್ರೆ ಅಲ್ಲಿ ಹಾಡು ಹಾರುತ್ತೆ. ಹಳೇ ರೆಕಾರ್ಡಿಂದ ಕಂಪ್ಯೂಟರಿಗೆ ತುಂಬಿಸುವಾಗ ಆ ಗೀರಿನ ಸದ್ದನ್ನೆಲ್ಲ ನಾನೇ ಕೂತು ಅಳಿಸಿದೀನಿ, ನಿಂಗೆ ಕಷ್ಟ ಆಗ್ಬಾರ್ದು ಅಂತ.”

ಆ ಗೀರು ಬಿದ್ದ ಸಂಜೆ ಹೆಂಡತಿ ಕುಣಿಯುತ್ತ ಬಂದು, ಅವನ ಕೊರಳಿಗೆ ಕೈ ಹಾಕಲು ಹೋಗಿ, ಮೊಣಕೈಯಿಂದ ಮುಳ್ಳನ್ನು ಎಳೆದುಬಿಟ್ಟಿದ್ದಳು. ಅವನು ಎಲ್ಲರೆದುರು ರೇಗಿದ್ದ. ಅವಳು ನಾಲಿಗೆ ಕಚ್ಚಿಕೊಂಡು ನಕ್ಕಿದ್ದಳು. ಅವಳು ತೀರಿಕೊಂಡ ಮೇಲೂ ಈ ಹಾಡು ಹಾಕಿದಾಗಲೆಲ್ಲ, ಸರಿಯಾಗಿ ಇದೇ ಜಾಗದಲ್ಲಿ, ಆ ಮೊಣಕೈ ಬಂದು ತಾಗುತ್ತಿತ್ತು. ಹಳೇ ರೆಕಾರ್ಡುಗಳ ಪೆಟ್ಟಿಗೆ ಈಗ ಕೊಂಡವರ ಮನೆ ಸೇರಿಯಾಗಿದೆ.

“ಯಾಕಪ್ಪಾ, ಆ ಸದ್ದು ಎಲ್ಲಾದ್ರೂ ಇನ್ನೂ ಉಳ್ಕೊಂಡಿದ್ಯಾ?”

ಅವನು ತಿರುಗುತ್ತಿದ್ದ ಕಪ್ಪು ತಟ್ಟೆಯ ಮೇಲಿಂದ ಬೆರಳು ತೆಗೆದ.

“ಇಲ್ಲ ಕಣಮ್ಮ,” ಎಂದ. “ಒಂದಿಷ್ಟೂ ಉಳಿದಿಲ್ಲ.”