ಲೇಸಿಗೆ ಸಿಕ್ಕ ಕೋರೆಹಲ್ಲು

ನೆತ್ತರಪ್ಪ ನಾಯಕಿಯ ಕುತ್ತಿಗೆ ಕಚ್ಚಿ ತಲೆ ಎತ್ತಿದರು. ಹಲ್ಲು ಮಾತ್ರ ಮೇಲೆ ಬರಲಿಲ್ಲ. ಕೋರೆ ಅಂಟಿಸಿದ್ದ ಅವರ ಕಟ್ಟಿಸಿದ ಹಲ್ಲಿನ ಸೆಟ್ಟು ಅವಳ ಅಂಗಿಯ ಲೇಸಿಗೆ ಸಿಕ್ಕಿ ಅಲ್ಲೇ ತೂಗಾಡುತ್ತಿತ್ತು. ಲೈಟಿನವರಿಂದ ಹಿಡಿದು ಚಹಾದವಳವರೆಗೆ ಇಡೀ ಸ್ಟುಡಿಯೋ ಹೊಟ್ಟೆ ಹಿಡಿದುಕೊಂಡು ನಕ್ಕಿತು.

ಮುದುಕನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅಲ್ಲ, ಒಂದು ಕಾಲದಲ್ಲಿ ಇದೇ ಮನುಷ್ಯ ಪರದೆಯ ಮೇಲೆ ಬಾಯಿ ತೆರೆದರೆ ಗಟ್ಟಿ ಗಂಡಸರೂ ಪಕ್ಕದವರ ಕೈ ಹಿಡಿಯುತ್ತಿದ್ದರು! ಆ ಹಳೆಯ ರಕ್ತಪಿಶಾಚಿ ಚಿತ್ರಗಳನ್ನೇ ಗೇಲಿ ಮಾಡುವ ಈ ಸಿನಿಮಾಕ್ಕೆ ಅವರು ಒಪ್ಪಿದ್ದೂ ಒಂದೇ ಷರತ್ತಿನ ಮೇಲೆ: ನಗಿಸುವ ಕೆಲಸ ಬೇರೆಯವರದು, ನಾನು ಹೆದರಿಸುತ್ತೇನೆ, ಅಷ್ಟೇ.

ನಿರ್ದೇಶಕ ಓಡಿ ಬಂದ. ಪಾತ್ರ ಕೈತಪ್ಪಿತು ಅಂದುಕೊಂಡರೆ, ಅವನು ಅವರ ಎರಡೂ ಕೈ ಹಿಡಿದುಕೊಂಡ.

“ಸರ್, ನಕ್ಕೂ ನಕ್ಕೂ ಕಣ್ಣಲ್ಲಿ ನೀರು ಬಂತು! ಮೊದ್ಲೇ ಯೋಚಿಸಿಟ್ಕೊಂಡಿದ್ರಾ?”

ನೆತ್ತರಪ್ಪ ಹಲ್ಲು ಸಿಕ್ಕಿಸಿಕೊಂಡು ಎದೆ ಸೆಟೆಸಿದರು. “ಮತ್ತೆ? ನನ್ನನ್ನೇನು ನಿನ್ನೆ ಮೊನ್ನೆ ಬಂದವನು ಅಂದ್ಕೊಂಡ್ಯಾ?”

“ಕ್ಯಾಮೆರಾದವನೂ ನಕ್ಕು ಚಿತ್ರ ಅಲ್ಲಾಡಿಹೋಯ್ತು ಸರ್. ಹಾಗೇ ಇನ್ನೊಂದ್ಸಲ ಮಾಡ್ಬಿಡಿ.”

ಅಲ್ಲಿಗೆ ಗ್ರಹಚಾರ ಶುರುವಾಯಿತು. ಹಿರಿಯರ ಮರ್ಯಾದೆ ಮತ್ತೆ ಹೋಗಬಾರದೆಂದು ಮೇಕಪ್ಪಿನವನು ಹಲ್ಲಿಗೆ ಎರಡರಷ್ಟು ಅಂಟು ಮೆತ್ತಿಬಿಟ್ಟ. ಬೇಡ ಅಂದರೆ ಗುಟ್ಟು ರಟ್ಟು. ಕಚ್ಚಿದರು, ಎಳೆದರು, ತಲೆ ಕೊಡವಿದರು. ಹಲ್ಲು ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಯಾರೂ ನಗಲಿಲ್ಲ. ಮತ್ತೊಮ್ಮೆ, ಮಗದೊಮ್ಮೆ. ಕೊನೆಗೆ ನಿರ್ದೇಶಕ ಸಹಾಯಕನ ಕಡೆ ಬಾಗಿ, “ಯಾರಾದ್ರೂ ಹಾಸ್ಯನಟ ಸಿಗ್ತಾನಾ ನೋಡು” ಅಂದದ್ದು ನೆತ್ತರಪ್ಪನ ಕಿವಿಗೂ ಬಿತ್ತು.

ಮಂಚದ ಮೇಲೆ ಮೂರ್ಛೆ ಹೋದಂತೆ ಮಲಗಿದ್ದ ನಾಯಕಿ ತುಟಿ ಅಲ್ಲಾಡಿಸದೆ ಕೇಳಿದಳು, “ತಾತ, ಅದು ತಾನಾಗೇ ಬಿದ್ದಿದ್ದು, ಅಲ್ವಾ?”

“ಮೆಲ್ಲಗೆ ಮಾತಾಡಮ್ಮ, ಮಾನ ಹೋಗುತ್ತೆ.”

“ಬಾಯಿ ಸಡಿಲ ಬಿಡಿ. ಮಿಕ್ಕಿದ್ದು ನಾನು ನೋಡ್ಕೋತೀನಿ.”

ಈ ಸಲ ಅವರು ಕಚ್ಚಿದೊಡನೆ ಅವಳು ಕಿಟಾರನೆ ಕಿರುಚಿ, ತಳ್ಳುವ ನೆಪದಲ್ಲಿ ಬಾಯಿಗೇ ಕೈ ಹಾಕಿ ಹಲ್ಲು ಕಿತ್ತು ಲೇಸಿಗೆ ನೇತುಹಾಕಿದಳು. ಸ್ಟುಡಿಯೋ ಬಿದ್ದು ಬಿದ್ದು ನಕ್ಕಿತು. ನಿರ್ದೇಶಕ ಕುರ್ಚಿಯಿಂದ ಎದ್ದು ಕುಣಿದೇಬಿಟ್ಟ.

ಊಟದ ಹೊತ್ತಿಗೆ ಅವಳು ತಟ್ಟೆ ಹಿಡಿದು ಅವರ ಪಕ್ಕದಲ್ಲೇ ಬಂದು ಕೂತಳು. ಹಿಂದಿನ ಯಾವ ನಾಯಕಿಯೂ ಆ ಬಾಯಿಯ ಪಕ್ಕ ಕೂತು ಉಂಡವಳಲ್ಲ. ಆದರೂ ಮುದುಕನ ಮನಸ್ಸು ತಡೆಯಬೇಕಲ್ಲ!

“ನಿಜ ಹೇಳು ಮಗು. ಮೊದಲ್ನೇ ಸಲ ಕಚ್ಚಿದಾಗ ಒಂಚೂರಾದ್ರೂ ಭಯ ಆಯ್ತಾ?”

“ಆಯ್ತು ತಾತ. ಕೈಕಾಲೆಲ್ಲ ನಡುಗಿಹೋಯ್ತು.”

ನೆತ್ತರಪ್ಪನ ಮುಖ ಅರಳಿತು.

“ನಿಮ್ಮ ಬಾಯಲ್ಲಿ ಹಲ್ಲೇ ಕಾಣ್ಲಿಲ್ಲ ನೋಡಿ, ಎಲ್ಲಿ ನುಂಗ್ಬಿಟ್ರೋ ಅಂತ.”