ದೇವರ ಗೂಡಿನ ಅರ್ಜಿ

ಅವ್ವ ಜೋಳ ಹಸನು ಮಾಡುತ್ತ, ತೊಡೆಯ ಮೇಲಿದ್ದ ಮಗಳ ಪರೀಕ್ಷೆಯ ಗೈಡಿನಿಂದ ಪ್ರಶ್ನೆ ಓದುತ್ತಿದ್ದಳು. ರಾತ್ರಿ ಶಾಲೆಯಲ್ಲಿ ಕಲಿತ ನಿಧಾನದ ಓದು. ಉತ್ತರದ ಮೇಲೆ ಹೆಬ್ಬೆರಳು.

“ನಮ್ಮ ರಾಜ್ಯಕ್ಕ ಲೋಕಸಭಾ ಸ್ಥಾನ ಎಷ್ಟು?”

“ಇಪ್ಪತ್ತಾರು,” ಎಂದಳು ಮಗಳು.

“ಇಪ್ಪತ್ತೆಂಟು,” ಎಂದಳು ಅವ್ವ, ಬೆರಳೆತ್ತದೆ.

ಸರ್ಕಾರಿ ಕಚೇರಿಯಲ್ಲಿ ಜವಾನನಾಗಿದ್ದ ಅಪ್ಪ ಫಕೀರಪ್ಪ ತೀರಿಕೊಂಡು ನಾಳೆಗೆ ಒಂದು ವರ್ಷ. ಆ ಕೆಲಸವನ್ನು ಹತ್ತನೇ ತರಗತಿ ಪಾಸಾದ ಮನೆಯವರೊಬ್ಬರು ಕೇಳಿ ಅರ್ಜಿ ಅಂಚೆಗೆ ಹಾಕಲು ಇವತ್ತೇ ಕಡೆಯ ದಿನ. ಅವ್ವ ಬರೆದಿಟ್ಟ ಅರ್ಜಿ ಎಂಟು ತಿಂಗಳಿಂದ ದೇವರ ಗೂಡಿನಲ್ಲೇ ಇತ್ತು. ಮಗಳು ಅದನ್ನು ಮುಟ್ಟಿರಲಿಲ್ಲ.

“ನಾ ಪರೀಕ್ಷೆ ಬರದು ನೌಕರಿ ಹಿಡೀತೀನಿ ಬೇ. ಅಪ್ಪ ಸತ್ತಿದ್ದಕ್ಕ ಕೊಡೋದು ನನಗ ಬ್ಯಾಡ.”

“ಪರೀಕ್ಷೆ ಎಷ್ಟು ಸಲ ಮುಂದ ಹೋತು?”

“ಮೂರು ಸಲ.”

“ಅಲ್ಲೀತನಕ ಈ ಗೈಡು ಕುದಿಸಿ ಉಣ್ಣೋಣೇನು?”

ಮಗಳಿಗೆ ಸಿಟ್ಟೂ ಬರಲಿಲ್ಲ, ಅಳುವೂ ಬರಲಿಲ್ಲ. ಗೈಡನ್ನು ತೆಗೆದು ಮುಚ್ಚಿದಳು.

“ನಡಿ. ಎಲ್ಲಿ ಅಂತಿ ಅಲ್ಲಿ ಸಹಿ ಹಾಕ್ತೀನಿ. ಇನ್ನ ಓದೂದಿಲ್ಲ.”

ಅವ್ವ ಎದ್ದು ಗೂಡಿನಿಂದ ಅರ್ಜಿ ತೆಗೆದುಕೊಂಡಳು. ಮುಚ್ಚಿದ ಗೈಡನ್ನು ಮಗಳ ಚೀಲದೊಳಗೆ ಇಟ್ಟಳು.

ಅಂಚೆ ಕಚೇರಿಯಲ್ಲಿ ಮಗಳು ಪೆನ್ನು ತೆಗೆದಳು.

“ಲಕೋಟಿ ಅಂಟಿಸಿಬಿಟ್ಟೀಯಲ್ಲ, ಸಹಿ ಎಲ್ಲಿ ಮಾಡ್ಲಿ?”

“ಸಹಿ ಆಗೇತಿ.”

ಕೌಂಟರಿನವರು ಲಕೋಟೆ ತೂಗಿ, ‘ಇಂದ’ ಎಂಬುದರ ಕೆಳಗಿದ್ದ ದಪ್ಪ ಅಕ್ಷರಗಳನ್ನು ಗಟ್ಟಿಯಾಗಿ ಓದಿದರು: “ಅರ್ಜಿದಾರಳು ನೀಲವ್ವ, ಕೋಂ ದಿವಂಗತ ಫಕೀರಪ್ಪ. ಹತ್ತನೇ ತರಗತಿ, ರಾತ್ರಿ ಶಾಲೆ, ಹೋದ ವಾರ ಪಾಸು.” ಓದಿ, ಮುದ್ರೆ ಒತ್ತಿದರು.