ಎರಡನೇ ಸುತ್ತಿನ ಉಸಿರು

ಪಂಜರದೊಳಗಿನ ಹೆವಿವೇಟ್ ಎಂಎಂಎ ಕಾದಾಟದಲ್ಲಿ ಮೊದಲ ಸುತ್ತಿಗೆ ಸ್ವಂತ ಉಸಿರು. ಎರಡನೆಯದರಿಂದ ಮನೆಯವರೊಬ್ಬರ ಉಸಿರು ಕಾದಾಡುವವನ ಎದೆಗೆ ಹರಿಯುತ್ತದೆ. ನಮ್ಮಣ್ಣ ಚೆಲುವರಾಜನಿಗಾಗಿ ಈ ಸಲ ಪಂಜರದ ಪಕ್ಕ, ಮಣಿಕಟ್ಟಿಗೆ ಉಸಿರು ಹರಿಸುವ ನೀಲಿ ಪಟ್ಟಿ ಕಟ್ಟಿಸಿಕೊಂಡು ಕೂತವಳು ಎಪ್ಪತ್ತಮೂರರ ಅಜ್ಜಿ.

"ರಾತ್ರಿಯಿಡೀ ಕತೆ ಹೇಳಿದವಳು ಕಣೆ ನಾನು. ನನ್ನಷ್ಟು ದಮ್ಮು ಈ ಮನೇಲಿ ಯಾರಿಗಿದೆ?" ಅಂದಳು.

ಹೋದ ವರ್ಷ ಉಸಿರು ಕೊಟ್ಟವಳು ನಾನು. ಈಗಲೂ ನಾಲ್ಕು ಮೆಟ್ಟಿಲು ಹತ್ತಿದರೆ ಕೂತುಬಿಡುತ್ತೇನೆ. ಅಜ್ಜಿ ಕೊಟ್ಟರೆ ಆ ಉಸಿರು ತಿರುಗಿ ಬರುತ್ತದೋ ಇಲ್ಲವೋ.

ಅಣ್ಣ ನೂರಹದಿನೆಂಟು ಕಿಲೋ. ಎದುರಾಳಿಯನ್ನು ಸುಸ್ತು ಮಾಡಿ ಮೂರನೇ ಸುತ್ತಲ್ಲಿ ಗೆಲ್ಲುವುದೇ ಅವನ ಅಭ್ಯಾಸ. ಇವತ್ತು ಗಂಟೆ ಬಾರಿಸಿದ್ದೇ ನುಗ್ಗಿದ. ಮೂಗಲ್ಲಿ ರಕ್ತ ಬಂದರೂ ಹಿಂದೆ ಸರಿಯಲಿಲ್ಲ. ಮೊದಲ ಸುತ್ತು ಮುಗಿಯಲು ಇನ್ನು ಹನ್ನೊಂದೇ ಸೆಕೆಂಡು ಇರುವಾಗ ಅವನ ಬಲಗೈ ಏಟು ಬಿತ್ತು. ಎದುರಾಳಿ ಕುಸಿದ. ರೆಫ್ರಿ ಆಟ ನಿಲ್ಲಿಸಿದ.

ನಾನು ಅಳುತ್ತಲೇ ಅಜ್ಜಿಯ ಪಟ್ಟಿ ಬಿಚ್ಚಿದೆ. ಅವಳಿಗೆ ಮಾತ್ರ ಸಿಟ್ಟು.

"ಇಷ್ಟಕ್ಕೇನೋ ನಾನು ಮೂರು ತಿಂಗಳು ದಿನಾ ಚಾಮುಂಡಿಬೆಟ್ಟ ಹತ್ತಿದ್ದು? ಒಂದು ಸುತ್ತಿಗಾದರೂ ತಗೋಬಾರದಿತ್ತಾ, ಮುಠ್ಠಾಳ!"

ಅಣ್ಣ ಬೇಲಿಗೊರಗಿ ಏದುತ್ತ ನಗುತ್ತಿದ್ದ. ಕಾರು ಹತ್ತುವವರೆಗೂ ಅಜ್ಜಿ ಎಲ್ಲೂ ನಿಲ್ಲಿಸದೆ ಅವನನ್ನು ಬೈದಳು. ನಾವಿಬ್ಬರೂ ಕಿವಿ ತುಂಬ ಕೇಳಿಸಿಕೊಂಡೆವು.